ಬಲದಿಂದ ಓದಿದ ಕಲ್ಲು

ಶಹಾಬಾದ
೧೨ ಜನವರಿ ೧೯೫೩

ಶೌಕತ,

ಕ್ಷೇಮ ಕೇಳುವ ಸಾಲನ್ನು ಬಿಟ್ಟಿದ್ದೇನೆ. ನಾಲ್ಕು ವರ್ಷ ಕೇಳದೆ ಇದ್ದವನು ಈಗ ಕೇಳಿದರೆ ಅದು ಬರೀ ಶಾಸ್ತ್ರವಾಗುತ್ತದೆ. ಚಿತ್ತಾಪುರದ ಶಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂತವರು ನಾವು. ನಿಜಾಮರ ರಾಜ್ಯ ಹೋದ ಗದ್ದಲದಲ್ಲಿ ಒಂದು ಬೆಳಿಗ್ಗೆ ನಿಮ್ಮ ಮನೆಗೆ ಬಂದರೆ ಬಾಗಿಲಿಗೆ ಬೀಗ. ಹೋಗುವುದಾಗಿ ನೀನು ಹೇಳಲಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ, ಇರಲಿ. ಇವತ್ತು ಬರೆಯುತ್ತಿರುವುದು ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ ಎಂದು.

ನೀನು ಹೈದರಾಬಾದಿನಲ್ಲಿ ಕಲ್ಲಚ್ಚಿನ ಛಾಪಖಾನೆಯೊಂದರಲ್ಲಿ ಇದ್ದೀ ಎಂದು ನಮ್ಮ ಮೇಸ್ತ್ರಿ ಹಾಜಿಮಲಂಗ್ ಹೇಳಿದರು. ವಿಳಾಸ ಕೊಟ್ಟವರೂ ಅವರೇ. ನಾನು ಇಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಇದ್ದೇನೆ. ಶಾಲೆ ಬಿಟ್ಟೆ. ಉರ್ದು ಹೋಗಿ ಕನ್ನಡ ಬಂದದ್ದರಿಂದ ಹುಡುಗನಿಗೆ ಕಷ್ಟವಾಯಿತು ಎಂದು ಮನೆಯವರು ಊರಿಗೆಲ್ಲ ಹೇಳುತ್ತಾರೆ. ಅದು ಸುಳ್ಳು. ಕನ್ನಡವನ್ನು ಮಠದ ಅಯ್ಯನವರ ಹತ್ತಿರ ನಾವಿಬ್ಬರೂ ಮೊದಲೇ ಕಲಿತಿದ್ದೆವು. ಕೂತಲ್ಲಿ ಕೂರಲು ನನ್ನಿಂದ ಆಗಲಿಲ್ಲ, ಅಷ್ಟೇ.

ಕೆಲಸ ಇದು. ರಾವೂರಿಗೆ ಕೊಟ್ಟ ನಮ್ಮ ಅಕ್ಕ ರತ್ನಾಬಾಯಿ ನಿನಗೆ ಗೊತ್ತು. ಅವಳ ಮಗಳು ಸೂಗಮ್ಮನಿಗೆ ಸಿಡುಬು ಬಂದು ಎರಡೂ ಕಣ್ಣು ಹೋದವು. ಈಗ ಅವಳಿಗೆ ಒಂಬತ್ತು ವರ್ಷ. ದಿನವೂ ಶಾಲೆಯ ಕಿಟಕಿಯ ಹೊರಗೆ ಕೂತು ಒಳಗಿನ ಪಾಠವನ್ನೆಲ್ಲ ಒಪ್ಪಿಸುತ್ತಾಳೆ. ಒಳಗಿನ ಹುಡುಗರು ತಪ್ಪಿದರೆ ಹೊರಗಿನಿಂದಲೇ ತಿದ್ದುತ್ತಾಳೆ, ಅದಕ್ಕೆ ಅವರು ಅವಳ ಮೇಲೆ ಹರಳು ಎಸೆಯುತ್ತಾರೆ. ಒಳಗೆ ಸೇರಿಸಿಕೊಳ್ಳಿ ಎಂದು ಬಸವಂತರಾಯ ಮಾಸ್ತರರನ್ನು ಕೇಳಿದೆ. ‘ಓದಾಕ ಬರದ ಕೂಸಿನ ಹೆಸರು ಹ್ಯಾಂಗ ಬರ್ಕೊಳ್ಳಲಿ? ಓದ್ತಾಳಂತ ತೋರಸು, ನಾಳೆನೇ ಬರ್ಕೋತೀನಿ’ ಎಂದರು.

ಅವಳ ಅಜ್ಜಿ ಮಹಾದೇವಮ್ಮನ ತಮ್ಮ ಗುರುಲಿಂಗಯ್ಯ ಏಕತಾರಿ ಹಿಡಿದು ವಾಡಿಯಿಂದ ಹೊರಡುವ ರೈಲುಗಳಲ್ಲಿ ಹಾಡುತ್ತಾನೆ. ಒಳ್ಳೆಯ ಮನುಷ್ಯ. ಸೂಗಮ್ಮನ ದನಿ ಕೇಳಿ, ಕೂಸನ್ನು ತನ್ನ ಜೊತೆ ಕಳಿಸಿ, ಹೊಟ್ಟೆಗೆ ಚಿಂತೆಯಿಲ್ಲ ಎಂದಿದ್ದಾನೆ. ಅಜ್ಜಿ ಒಪ್ಪಿದ್ದಾಳೆ. ಭಾವ ತಾಯಿಯ ಮಾತು ಮೀರುವವನಲ್ಲ. ಅಕ್ಕ ಅತ್ತು, ಬೇಸಿಗೆ ರಜೆ ಮುಗಿಯುವವರೆಗೆ ತಡೆದಿದ್ದಾಳೆ. ಶಾಲೆಯ ಬಾಗಿಲು ತೆರೆದಾಗ ಸೂಗಮ್ಮ ಒಳಗೆ ಹೋಗಬೇಕು, ಇಲ್ಲವಾದರೆ ರೈಲು ಹತ್ತಬೇಕು.

ಹೈದರಾಬಾದಿನಲ್ಲಿ ಕಣ್ಣಿಲ್ಲದ ಮಕ್ಕಳು ಬೆರಳಿನಿಂದ ಓದುತ್ತಾರಂತೆ. ಹಾಜಿಮಲಂಗ್ ಹೇಳಿದಾಗ ನಾನು ಕೈಯಲ್ಲಿದ್ದ ಫರಸಿಯನ್ನು ಬಿಟ್ಟುಬಿಟ್ಟೆ. ಅದು ಒಡೆಯಿತು, ಬೈಗುಳ ತಿಂದೆ. ಶೌಕತ, ಇದು ಖರೆಯೇ? ಹೋಗಿ ನೋಡಿ ಬಾ. ಹೇಗೆ ಓದುತ್ತಾರೆ ಎಂದು ಬರೆ. ಇವತ್ತೇ ಹೋಗು.

ರೇವಣಸಿದ್ದಯ್ಯ


ಹೈದರಾಬಾದ
೨ ಫೆಬ್ರವರಿ ೧೯೫೩

ರೇವಣ್ಯಾ,

ನಿನ್ನ ಕಾಗದವನ್ನು ಅಮ್ಮೀಗೆ ಎರಡು ಸಲ ಓದಿ ಹೇಳಿದೆ. ಬೀಗದ ಮಾತು ಬಂದಾಗ ಅವಳು ಎದ್ದು ಒಳಗೆ ಹೋದಳು. ಅದರ ಬಗ್ಗೆ ಈಗ ಬರೆಯಲಾರೆ.

ನೀನು ಕೇಳಿದ್ದು ಖರೆ. ನಮ್ಮ ಛಾಪಖಾನೆಯಿಂದ ಸ್ವಲ್ಪ ದೂರದಲ್ಲೇ ಆ ಮಕ್ಕಳ ಶಾಲೆ ಇದೆ. ಹೊರಗಿನವನೆಂದು ಒಳಗೆ ಬಹಳ ಹೊತ್ತು ನಿಲ್ಲಲಾಗಲಿಲ್ಲ, ಆದರೆ ಪಡಸಾಲೆಯಲ್ಲಿ ಕೆಲವು ಹುಡುಗರು ಬರೆಯುತ್ತಿದ್ದರು. ಒಂದು ಚೌಕಟ್ಟಿನಲ್ಲಿ ದಪ್ಪ ಕಾಗದ ಸಿಕ್ಕಿಸಿ ಮೊಳೆಯಂಥ ಕಡ್ಡಿಯಿಂದ ಚುಚ್ಚುತ್ತಾರೆ. ಒಂದೊಂದು ಅಕ್ಷರಕ್ಕೂ ಆರು ಚುಕ್ಕೆಯ ಜಾಗ, ಅದರಲ್ಲಿ ಯಾವ ಯಾವುದನ್ನು ಚುಚ್ಚುತ್ತಾರೋ ಅದರಿಂದ ಯಾವ ಅಕ್ಷರವೆಂದು ತಿಳಿಯುತ್ತದೆ. ಕನ್ನಡಕ್ಕೂ ಈಗ ಈ ಚುಕ್ಕೆಯ ಅಕ್ಷರಗಳು ಬಂದಿವೆಯಂತೆ. ಬೀದರ ಕಡೆಯ ಒಬ್ಬ ಹುಡುಗ ಸಿಕ್ಕ. ಅವನು ಒಂದೊಂದೇ ಅಕ್ಷರ ಚುಚ್ಚುತ್ತ ಹೋದ, ನಾನು ಪಕ್ಕದಲ್ಲಿ ಕೂತು ಅದೇ ಜಾಗಕ್ಕೆ ಮಸಿಯ ಚುಕ್ಕೆ ಇಟ್ಟುಕೊಂಡೆ. ಅ ದಿಂದ ಳ ದವರೆಗೆ ಇದರ ಜೊತೆಗಿದೆ.

ನಿನಗೆ ಖುಷಿಯಾಗುವ ಒಂದು ಸಂಗತಿ: ಬಲದಿಂದ ಎಡಕ್ಕೆ, ನಮ್ಮ ಉರ್ದುವಿನ ಹಾಗೆ. ಕನ್ನಡವನ್ನೂ ಹಾಗೇ ಬರೆಯುತ್ತಾರೆ. ಚೌಕಟ್ಟು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ, ಪರದೇಶದಿಂದ ಬರಬೇಕಂತೆ. ಅದಕ್ಕೆ ಏನು ಮಾಡುತ್ತೀಯೋ ತಿಳಿಯದು.

ಶೌಕತ ಅಲಿ


ಶಹಾಬಾದ
೮ ಮಾರ್ಚ್ ೧೯೫೩

ಶೌಕತ,

ಚೌಕಟ್ಟು ಯಾರಿಗೆ ಬೇಕು? ನನ್ನ ಹತ್ತಿರ ಇಡೀ ಶಹಾಬಾದ ಇದೆ.

ಮೊದಲು ಕಾಗದಕ್ಕೆ ಮೊಳೆ ಚುಚ್ಚಿ ನೋಡಿದೆ. ಹರಿದು ಹೋಯಿತು. ರಟ್ಟಿಗೆ ಚುಚ್ಚಿದೆ, ಸೂಗಮ್ಮನ ಬೆವರಿನ ಕೈಗೆ ಮೆತ್ತಗಾಯಿತು. ಆಮೇಲೆ ಒಂದು ಮಧ್ಯಾಹ್ನ ಪಾಲಿಶ್ ಆದ ಫರಸಿಯ ಮೇಲೆ ಅಂಗೈ ಆಡಿಸುತ್ತಿದ್ದಾಗ ಬೆರಳು ಒಂದು ಸಣ್ಣ ಕುಳಿಗೆ ಸಿಕ್ಕಿತು. ಕಣ್ಣಿಗೆ ಕಾಣದ ಕುಳಿ, ಬೆರಳಿಗೆ ಬಾವಿಯ ಹಾಗೆ ಇತ್ತು. ಆ ಕ್ಷಣ ನಾನು ಕುಣಿದೆ ಎಂದು ಇಲ್ಲಿನ ಕೂಲಿಯವರು ಹೇಳುತ್ತಾರೆ. ನನಗೆ ನೆನಪಿಲ್ಲ.

ಒಡೆದ ಚೂರುಗಳನ್ನು ಹಾಜಿಮಲಂಗರಲ್ಲಿ ಕೇಳಿ ತೆಗೆದುಕೊಂಡೆ. ಕಲ್ಲು ಕೊರೆಯುವ ಸಣ್ಣ ಚಾಣ ಹಿಡಿದು ನಿನ್ನ ಮಸಿ ಚುಕ್ಕೆಗಳನ್ನು ಇದ್ದ ಹಾಗೇ ಕಲ್ಲಿಗೆ ಇಳಿಸಿದೆ. ಅವರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ‘ಲೇ ಅಯ್ಯಾ, ಫರಸಿ ಮ್ಯಾಲ ಒಂದು ತೂತು ಬಿದ್ರ ಗಿರಾಕಿ ಗಾಡಿ ಸಮೇತ ವಾಪಸ್ ಕಳಸ್ತಾನ. ನೀ ಬೇಕಂತಲೇ ತೂತು ಹಾಕ್ಲಾಕತ್ತಿ’ ಎಂದರು. ಯಾಕೆಂದು ಹೇಳಿದೆ. ಹೋಗಿ ತಮ್ಮ ಸ್ವಂತ ಚಾಣ ತಂದು ಕೊಟ್ಟರು.

ಈಗ ಪ್ರತಿ ರಜೆಯ ದಿನ ಕಲ್ಲಿನ ಗಾಡಿಯಲ್ಲಿ ರಾವೂರಿಗೆ ಹೋಗುತ್ತೇನೆ, ತೊಡೆಯ ಮೇಲೆ ಒಂದು ಹೊಸ ಪಾಠ ಇಟ್ಟುಕೊಂಡು. ಸೂಗಮ್ಮ ಗಾಡಿಯ ಸದ್ದು ಕೇಳಿಯೇ ಹೊರಗೆ ಓಡಿ ಬರುತ್ತಾಳೆ. ಮೊದಲ ದಿನ ಕಲ್ಲನ್ನು ಕೆನ್ನೆಗೆ ಒತ್ತಿಕೊಂಡಳು. ಎರಡನೆಯ ದಿನ ಕ, ಗ, ಚ ಬಂದವು. ಬಲಗಡೆಯಿಂದ ಬೆರಳು ಇಟ್ಟು ಎಡಕ್ಕೆ ಎಳೆಯುತ್ತ ಹೋಗುತ್ತಾಳೆ. ‘ಮಾಮಾ, ಇದು ಮಳಿ ಬಿದ್ದ ಮಣ್ಣಿನಂಗ ಅದ’ ಎಂದಳು. ಎಂಥ ಮಾತು. ನಾನು ಶಾಲೆಯಲ್ಲಿ ಒಂದು ದಿನವೂ ಅಕ್ಷರದ ಬಗ್ಗೆ ಹಾಗೆ ಯೋಚಿಸಲಿಲ್ಲ.

ಮಹಾದೇವಮ್ಮ ಮಾತ್ರ ‘ಕಲ್ಲು ತಿಕ್ಕಿಸಿ ಕೂಸಿನ ಬೆರಳು ಸವಸ್ತಾನ ಇವ’ ಎಂದು ಬೈಯುತ್ತಾಳೆ. ಬೈದರೂ ಕಲ್ಲಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಇಡುವವಳು ಅವಳೇ.

ನಿನಗೆ ಉಪಕಾರ ಹೇಳಬೇಕು. ಹೇಳಿದ್ದೇನೆ ಎಂದು ತಿಳಿದುಕೋ. ಮೊನ್ನೆ ಚಿತ್ತಾಪುರಕ್ಕೆ ಹೋಗಿದ್ದೆ. ನಿಮ್ಮ ಅಂಗಳದ ಬೇವಿನ ಗಿಡ ಇದೆ. ಬಾಗಿಲಿಗೆ ಈಗ ಬೇರೆ ಬಣ್ಣ ಹೊಡೆದಿದ್ದಾರೆ.

ರೇವಣಸಿದ್ದಯ್ಯ


ಹೈದರಾಬಾದ
೨೬ ಏಪ್ರಿಲ್ ೧೯೫೩

ರೇವಣ್ಯಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಶಾಲೆಯಲ್ಲಿ ಕಲಿಸುವ ಮಜೀದಸಾಬ ಎಂಬ ಮಾಸ್ತರರ ಪರಿಚಯವಾಯಿತು. ಅವರಿಗೂ ಕಣ್ಣಿಲ್ಲ, ಹುಟ್ಟಿನಿಂದಲೇ. ಶಹಾಬಾದ ಅವರ ತಾಯಿಯ ತವರು, ಕನ್ನಡ ಚೆನ್ನಾಗಿ ಬರುತ್ತದೆ. ಮೇ ತಿಂಗಳಲ್ಲಿ ರಜೆಗೆ ಅಲ್ಲಿಗೆ ಬರುವಾಗ ವಾಡಿಯಲ್ಲಿ ಇಳಿದು ರಾವೂರಿಗೆ ಬಂದು ಸೂಗಮ್ಮ ಓದುವುದನ್ನು ಕೇಳಲು ಒಪ್ಪಿದ್ದಾರೆ. ಅವರ ಮಾತನ್ನು ನಿಮ್ಮ ಮಾಸ್ತರರು ಅಲ್ಲಗಳೆಯಲಾರರು. ಕಲ್ಲಿನ ಸಂಗತಿ ಹೇಳಿಲ್ಲ. ನೋಡಿ ಬೆರಗಾಗಲಿ.

ಬೇವಿನ ಗಿಡದ ಸುದ್ದಿಯನ್ನು ಅಮ್ಮೀಗೆ ಹೇಳಿದೆ. ಬಾಗಿಲಿನ ಬಣ್ಣದ್ದು ಹೇಳಲಿಲ್ಲ.

ಶೌಕತ ಅಲಿ


ಶಹಾಬಾದ
೧೭ ಮೇ ೧೯೫೩

ಶೌಕತ,

ಮಜೀದಸಾಬರು ಬಂದಿದ್ದರು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶಾಲೆಯ ಕಟ್ಟೆಯ ಮೇಲೆ ಎಲ್ಲರೂ ಸೇರಿದ್ದರು. ಬಸವಂತರಾಯ ಮಾಸ್ತರರು, ಅಕ್ಕ, ಭಾವ, ಮಹಾದೇವಮ್ಮ, ಏಕತಾರಿಯೊಂದಿಗೆ ಗುರುಲಿಂಗಯ್ಯ. ನಾನು ಕಲ್ಲುಗಳನ್ನು ಹೊರತೆಗೆಯುವ ಮೊದಲೇ ಮಜೀದಸಾಬರು ಜೋಳಿಗೆಯಿಂದ ಒಂದು ದಪ್ಪ ಕಾಗದ ತೆಗೆದು ಸೂಗಮ್ಮನ ಕೈಗೆ ಕೊಟ್ಟು, ಓದವ್ವಾ ಎಂದರು. ಅವಳು ಮುಟ್ಟಿದ ಕೂಡಲೇ ಮುಖ ಎತ್ತಿದಳು. ‘ಇದು ಒಳಗಿಲ್ಲ, ಹೊರಗದ’ ಎಂದಳು. ನಮ್ಮ ಕಲ್ಲಿನಲ್ಲಿ ಕುಳಿಗಳು, ಅವರ ಕಾಗದದಲ್ಲಿ ಗುಳ್ಳೆಗಳು. ಆದರೂ ಹೆದರಲಿಲ್ಲ. ಬಲತುದಿಗೆ ಬೆರಳಿಟ್ಟು ಎಳೆದು, ಗಟ್ಟಿಯಾಗಿ ‘ಡಗಳ’ ಎಂದಳು.

ಅಲ್ಲಿ ಇದ್ದದ್ದು ‘ಲಗನ’.

ಮುಂದಿನದು ‘ಜನ’. ಅವಳು ‘ಡಹ’ ಎಂದಳು. ಹುಡುಗರು ನಗಲು ಶುರುಮಾಡಿದರು. ಮಜೀದಸಾಬರು ಕೈಯೆತ್ತಿ ಸುಮ್ಮನಾಗಿಸಿ, ನನ್ನ ಕಡೆ ತಿರುಗಿ, ‘ಕಲಿಸಿದಾತ ಉರ್ದು ಸಾಲಿ ಕಲ್ತಾನೇನು?’ ಎಂದು ಕೇಳಿದರು. ಹೌದು ಎಂದೆ. ನನ್ನ ಕಲ್ಲನ್ನು ಕೈಗೆ ತೆಗೆದುಕೊಂಡು ಸವರಿದರು. ಅವರ ಬಾಯಿ ಮೊದಲು ನಕ್ಕಿತು, ಆಮೇಲೆ ನಗು ಹೋಯಿತು.

ಶೌಕತ, ಅವರು ಬರೆಯುವುದು ಮಾತ್ರ ಬಲದಿಂದ. ಓದುವುದು ಕಾಗದವನ್ನು ಮಗುಚಿ. ಹಿಂದಿನಿಂದ ಚುಚ್ಚಿದ್ದು ಮುಂದೆ ಗುಳ್ಳೆಯಾಗಿ ಏಳುತ್ತದೆ, ಆಗ ಎಡದಿಂದ ಬಲಕ್ಕೆ ಸರಿಯಾಗಿ ಬರುತ್ತದೆ. ನೀನು ಅವರು ಬರೆಯುವುದನ್ನು ನೋಡಿದೆ, ಓದುವುದನ್ನು ನೋಡಲಿಲ್ಲ. ನಾನು ಕೇಳಲೂ ಇಲ್ಲ. ಬಲದಿಂದ ಎಂದಾಗ ನಮ್ಮಿಬ್ಬರಿಗೂ ಅನುಮಾನವೇ ಬರಲಿಲ್ಲ. ಉರ್ದು ಓದದ ಬೇರೆ ಊರಿನ ಹುಡುಗರಾಗಿದ್ದರೆ, ಬರೆದ ಹಾಗೇ ಓದುತ್ತಾರೇನು ಎಂದು ಒಮ್ಮೆ ಕೇಳುತ್ತಿದ್ದರು. ಸೂಗಮ್ಮ ಮೂರು ತಿಂಗಳು ಕಲಿತದ್ದೆಲ್ಲ ಕನ್ನಡಿಯೊಳಗಿನ ಕನ್ನಡ. ಅವಳ ಲ ಇವರ ಳ, ಅವಳ ಜ ಇವರ ಹ.

ಮಜೀದಸಾಬರು ನೀರು ಕುಡಿಯಲು ಎದ್ದಾಗ ಬಸವಂತರಾಯ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮನಸ್ಸು ಕರಗಿತ್ತು. ‘ಕೂಸಿಗಿ ಪಾಠ ಎಲ್ಲಾ ಬಾಯಿಗಿ ಅವ. ಆ ಕಾಗದದಾಗ ಏನದ ಅಂತ ಕೇಳ್ಕೊಂಡು ಬೆರಳು ಆಡಿಸ್ಕೋತ ಹೇಳಲಿ. ಊರಾಗ ಯಾರಿಗಿ ತಿಳೀತದ? ನಾ ಹೆಸರು ಬರ್ಕೋತೀನಿ’ ಎಂದರು. ಒಳ್ಳೆಯ ಮಾತು ಹೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಅಕ್ಕ ನನ್ನ ತೋಳು ಹಿಡಿದು ಹೂಂ ಅನ್ನು ಎಂದಳು. ನಾನು ಅನ್ನಲಿಲ್ಲ. ‘ಅದು ಓದಲ್ರಿ ಮಾಸ್ತರ, ಹಾಡು. ಹಾಡಾದ್ರ ರೈಲಿನ್ಯಾಗೂ ಹಾಡಬಹುದು’ ಎಂದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ ಎಂದು ಆಮೇಲೆ ತಿಳಿಯಿತು. ಅಕ್ಕ ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸೂಗಮ್ಮ ಅತ್ತಿಲ್ಲ. ನನ್ನ ಹತ್ತಿರ ಬಂದು, ‘ನೀ ನನಗ ತಪ್ಪು ಕಲಿಸಿದಿ’ ಎಂದಷ್ಟೇ ಹೇಳಿದಳು. ಹೌದು ಎಂದೆ.

ಮಜೀದಸಾಬರು ಆ ಕಾಗದವನ್ನು ಅವಳಿಗೇ ಬಿಟ್ಟು, ಅದರಲ್ಲಿದ್ದ ಅಕ್ಷರಗಳನ್ನು ಒಂದೊಂದಾಗಿ ಹೇಳಿಕೊಟ್ಟರು. ಜೂನ್ ತಿಂಗಳಲ್ಲಿ ಹೈದರಾಬಾದಿಗೆ ಹಿಂತಿರುಗುವಾಗ ಅವರ ಗಾಡಿ ವಾಡಿಯಲ್ಲಿ ನಿಲ್ಲುತ್ತದೆ, ಅಲ್ಲಿಗೆ ಕರೆತಂದರೆ ಇನ್ನೊಮ್ಮೆ ಕೇಳುತ್ತಾರೆ. ಒಂದು ಹಾಳೆಯಲ್ಲಿ ಎಷ್ಟು ಅಕ್ಷರ ಇದ್ದೀತು? ಉಳಿದದ್ದನ್ನು ಯಾವುದರಿಂದ ಕಲಿಸಲಿ? ಕಲ್ಲಿನ ಮೇಲೆ ಗುಳ್ಳೆ ಎಬ್ಬಿಸಬೇಕಾದರೆ ಸುತ್ತಲಿನ ಕಲ್ಲನ್ನೆಲ್ಲ ಕೆತ್ತಿ ತೆಗೆಯಬೇಕು. ಮೊನ್ನೆಯಿಂದ ಅದನ್ನೇ ಮಾಡುತ್ತಿದ್ದೇನೆ. ಇನ್ನೂ ಒಂದು ಅಕ್ಷರ ಆಗಿಲ್ಲ.

ರೇವಣಸಿದ್ದಯ್ಯ


ಹೈದರಾಬಾದ
೨೫ ಮೇ ೧೯೫೩

ರೇವಣ್ಯಾ,

ಬೈದು ಬರೆದಿದ್ದರೆ ಚೆನ್ನಾಗಿರುತ್ತಿತ್ತು. ಮಜೀದಸಾಬರ ಶಾಲೆಗೆ ರಜೆ, ಬಾಗಿಲು ಹಾಕಿದೆ, ಕೇಳಲು ಯಾರೂ ಇಲ್ಲ. ನನಗೆ ಏನು ಮಾಡಬೇಕೋ ಹೊಳೆಯುತ್ತಿಲ್ಲ.

ಶೌಕತ ಅಲಿ


ರಾವೂರ
೪ ಜೂನ್ ೧೯೫೩

ಶೌಕತ, ಶೌಕತ,

ಕೂತು ಬರೆಯಲು ಆಗುತ್ತಿಲ್ಲ, ನಿಂತು ಗೋಡೆಗೆ ಕಾಗದ ಹಚ್ಚಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಸಹಿಸಿಕೋ.

ಆ ದಿನದ ನಂತರ ಮಹಾದೇವಮ್ಮ ನನ್ನ ಕಲ್ಲುಗಳನ್ನೆಲ್ಲ ಅಂಗಳಕ್ಕೆ ಹಾಕಿಸಿದ್ದಳು. ಒಂದನ್ನು ಮಾತ್ರ ಒಳಗೆ ಒಯ್ದು, ‘ಓದಾಕ ಬರದ ಕಲ್ಲು ರೊಟ್ಟಿ ಬಡಿಯಾಕರ ಬರ್ಲಿ’ ಎಂದು ಒಲೆಯ ಮುಂದೆ ಹಾಸಿದಳು. ನನ್ನನ್ನು ಹಂಗಿಸಲು ಮಾಡಿದ ಕೆಲಸ ಅದು. ನಿನ್ನೆ ನಾನು ಬಂದಾಗ ಅಕ್ಕ ಅದರ ಮೇಲೆಯೇ ರೊಟ್ಟಿ ಬಡಿಯುತ್ತಿದ್ದಳು, ನನ್ನ ಕಡೆ ನೋಡದೆ. ಸೂಗಮ್ಮನಿಗೆ ಬಡಿಸಿದಳು. ಸೂಗಮ್ಮ ರೊಟ್ಟಿ ಮುರಿಯಲು ಹೋದವಳು ನಿಂತಳು. ಮಗುಚಿದಳು. ಮತ್ತೆ ಸವರಿದಳು. ಎದ್ದು ಹೋಗಿ ಗೂಡಿನಿಂದ ಮಜೀದಸಾಬರ ಕಾಗದ ತಂದಳು. ಒಂದು ಕೈ ಕಾಗದದ ಮೇಲೆ, ಇನ್ನೊಂದು ಕೈ ರೊಟ್ಟಿಯ ಮೇಲೆ.

‘ಅವ್ವಾ, ಮಜೀದಸಾಬರ ಲ ನನ್ನ ರೊಟ್ಟಿ ಮ್ಯಾಲ ಬಂದದ.’

ನಾನು ರೊಟ್ಟಿಯನ್ನು ಕಸಿದುಕೊಂಡೆ. ಹಿಟ್ಟು ಕಲ್ಲಿನ ಕುಳಿಗಳಿಗೆ ಇಳಿದು ಮೇಲೆ ಗುಳ್ಳೆಯಾಗಿ ಎದ್ದಿತ್ತು, ತುದಿಗಳು ಸ್ವಲ್ಪ ಸುಟ್ಟು ಕಪ್ಪಾಗಿದ್ದವು. ಮಗುಚಿದ್ದರಿಂದ ಬಲ ಎಡವಾಗಿತ್ತು, ಎಡ ಬಲವಾಗಿತ್ತು. ಕಲ್ಲಿನಲ್ಲಿ ತಿರುವುಮುರುವಾಗಿದ್ದದ್ದು ರೊಟ್ಟಿಯಲ್ಲಿ ನೆಟ್ಟಗೆ. ಶೌಕತ, ಕಲ್ಲು ತಪ್ಪಿರಲಿಲ್ಲ. ಓದಲು ಕೊಟ್ಟದ್ದು ತಪ್ಪು. ಅದು ಓದುವ ಕಲ್ಲಲ್ಲ, ಅಚ್ಚು.

ಅಂಗಳದಿಂದ ಎಲ್ಲ ಕಲ್ಲುಗಳನ್ನು ಒಳಗೆ ತಂದೆವು. ಅಕ್ಕ ಮತ್ತೆ ಹಿಟ್ಟು ನಾದಿದಳು. ಆ ರಾಶಿ ಹಿಟ್ಟನ್ನು ನೋಡಿ ಮಹಾದೇವಮ್ಮ ಕೂಗಾಡಿದಳು, ಆಮೇಲೆ ಅವಳೇ ಕೂತು ಬಡಿದಳು. ಒಂದು ರೊಟ್ಟಿಯ ಮೇಲೆ ಕ ದಿಂದ ಚ, ಇನ್ನೊಂದರ ಮೇಲೆ ತ ದಿಂದ ನ. ಸೂಗಮ್ಮ ಓದಿದ ರೊಟ್ಟಿಯನ್ನು ಭಾವ ತಿನ್ನುತ್ತ ಹೋದ. ‘ಪ, ಬ, ಮ ಎಲ್ಲಾ ನನ್ನ ಹೊಟ್ಟ್ಯಾಗ ಅವ. ಈಗ ನನಗೂ ಬರ್ತಾವೇನು?’ ಎಂದು ಕೇಳಿದ. ಅವನು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಅಕ್ಕ ನನ್ನ ಜೊತೆ ಮಾತಾಡಿದಳು. ಇನ್ನೂ ಒಂದು ತಿನ್ನು ಎಂದಳು.

ರೊಟ್ಟಿ ಒಣಗಿದರೆ ಒಡೆಯುತ್ತದೆ, ಇರುವೆ ಹತ್ತುತ್ತದೆ. ನೆನೆಸಿದ ದಪ್ಪ ಕಾಗದವನ್ನು ಕಲ್ಲಿನ ಮೇಲೆ ಹಾಸಿ ಬಟ್ಟೆಯ ಉಂಡೆಯಿಂದ ಒತ್ತಿ ಒಣಗಿಸಿದರೆ ಆಗುತ್ತದೆ, ನೋಡಿದೆ. ಆದರೆ ಇಲ್ಲಿ ಸಿಗುವ ಕಾಗದ ತೆಳು. ನಿಮ್ಮಲ್ಲಿ ದಪ್ಪದ್ದು ಇದ್ದರೆ ಬೇಗ ಕಳಿಸು.

ರೇವಣ


ಹೈದರಾಬಾದ
೧೦ ಜೂನ್ ೧೯೫೩

ರೇವಣ್ಯಾ,

ಕಾಗದದ ಕಟ್ಟು ಇದರ ಹಿಂದೆಯೇ ಬರುತ್ತದೆ. ಒಂದು ಕಡೆ ಛಾಪು ಕೆಟ್ಟ ದಪ್ಪ ಹಾಳೆಗಳು, ಮಾಲಕರು ಸಂತೋಷದಿಂದ ಕೊಟ್ಟರು.

ನಿನ್ನ ಪತ್ರ ಓದಿ ನಾನು ನಮ್ಮ ಕಲ್ಲುಗಳ ನಡುವೆ ಬಹಳ ಹೊತ್ತು ನಿಂತಿದ್ದೆ. ಇಲ್ಲಿ ನಾನು ದಿನವಿಡೀ ಮಾಡುವುದೇನು ಗೊತ್ತೇ? ಬರಹಗಾರರು ಬರೆದದ್ದು ಕಲ್ಲಿನ ಮೇಲೆ ತಿರುವುಮುರುವಾಗಿ ಇಳಿಯುತ್ತದೆ, ಕಾಗದಕ್ಕೆ ಬಂದಾಗ ನೆಟ್ಟಗಾಗುತ್ತದೆ. ಆ ಕಲ್ಲುಗಳಿಗೆ ಮಸಿ ಹಚ್ಚುವವನು ನಾನು. ಇಷ್ಟು ದಿನ ಕಣ್ಣ ಮುಂದೆ ಇದ್ದದ್ದು ನನಗೆ ಹೊಳೆಯಲಿಲ್ಲ, ಆ ಕೂಸಿಗೆ ಊಟದ ತಟ್ಟೆಯಲ್ಲಿ ಹೊಳೆಯಿತು. ಅಮ್ಮೀಗೆ ಹೇಳಿದೆ. ಎಷ್ಟೋ ದಿನದ ಮೇಲೆ ನಕ್ಕಳು. ನಿಮ್ಮ ಅಕ್ಕ ಬಡಿಯುವ ರೊಟ್ಟಿ ದಪ್ಪ ಎಂದು ಅವಳಿಗೆ ಇನ್ನೂ ನೆನಪಿದೆ.

ವಾಡಿಯಲ್ಲಿ ಏನಾಯಿತು, ಕೂಡಲೇ ಬರೆ.

ಶೌಕತ


ಶಹಾಬಾದ
೨೧ ಜೂನ್ ೧೯೫೩

ಶೌಕತ,

ವಾಡಿ ಸ್ಟೇಷನ್ನಿನ ಗದ್ದಲ ನಿನಗೆ ಗೊತ್ತು. ಗಾಡಿ ಬರುವ ಮೊದಲೇ ಪ್ಲಾಟ್‌ಫಾರಂ ಮೇಲೆ ಜನ ನಮ್ಮನ್ನು ಮುತ್ತಿದ್ದರು. ಗುರುಲಿಂಗಯ್ಯನ ಏಕತಾರಿಯ ಪಕ್ಕದಲ್ಲಿ ಕಣ್ಣಿಲ್ಲದ ಹುಡುಗಿಯನ್ನು ಕಂಡವರು ಹಾಡು ಶುರುವಾಗುತ್ತದೆ ಎಂದುಕೊಂಡರು. ಒಬ್ಬಾಕೆ ಸೂಗಮ್ಮನ ಕೈಗೆ ಬಾಳೆಹಣ್ಣು ಕೊಟ್ಟು, ‘ಯಾವ ಪದ ಹಾಡ್ತಿ ನನ್ನವ್ವಾ?’ ಎಂದು ಕೇಳಿದಳು. ‘ಹಾಡಲ್ರಿ, ಓದ್ತೀನಿ’ ಎಂದು ಸೂಗಮ್ಮ ಹಣ್ಣು ಸುಲಿದಳು.

ಗಾಡಿ ಬಂತು. ಮಜೀದಸಾಬರು ಕಿಟಕಿಯಿಂದ ಕೈ ಹೊರಗೆ ಚಾಚಿ ನನ್ನ ಹೆಸರು ಹಿಡಿದು ಕರೆದರು. ಬಸವಂತರಾಯ ಮಾಸ್ತರರು ಮುಂದೆ ನಿಂತರು. ನಾವು ಛಾಪಿಸಿದ ಹಾಳೆಗಳನ್ನು ಕೊಡಲು ಹೋದೆ. ಅವರು ತೆಗೆದುಕೊಂಡು ಪಕ್ಕಕ್ಕಿಟ್ಟರು. ಅವಳಿಗೆ ಬಾಯಿಪಾಠವಾದದ್ದು ಬೇಡ ಎಂದು ತಮ್ಮ ಚೌಕಟ್ಟಿಗೆ ಹೊಸ ಕಾಗದ ಸಿಕ್ಕಿಸಿ, ಅಲ್ಲೇ ತೊಡೆಯ ಮೇಲೆ ಟಕಟಕ ಚುಚ್ಚಿ, ಮಗುಚಿ, ಕಿಟಕಿಯಿಂದ ಇಳಿಬಿಟ್ಟರು. ಏನು ಬರೆದರೆಂದು ಯಾರಿಗೂ ಹೇಳಲಿಲ್ಲ.

ಸೂಗಮ್ಮ ಹಾಳೆಯನ್ನು ನನ್ನ ಬೆನ್ನಿಗೆ ಹಚ್ಚಿ ಹಿಡಿದಳು. ಓದಲು ಗಟ್ಟಿ ಜಾಗ ಬೇಕಿತ್ತು, ಬೇರೆ ಏನೂ ಇ‌ರಲಿಲ್ಲ. ಹಾಗಾಗಿ ನಾನು ಅವಳ ಮುಖ ನೋಡಲಿಲ್ಲ. ನನ್ನ ಬೆನ್ನ ಮೇಲೆ ಎಡದಿಂದ ಬಲಕ್ಕೆ ನಡೆಯುವ ಅವಳ ಬೆರಳು ಮಾತ್ರ ಗೊತ್ತಾಗುತ್ತಿತ್ತು. ಎಡದಿಂದ. ನನ್ನ ಉಸಿರು ಹಾಳೆಯನ್ನು ಅಲುಗಿಸುತ್ತದೆ ಎಂದು ಉಸಿರು ಹಿಡಿದೆ.

‘ಶ... ಶಹಾ... ಶಹಾಬಾದ...’ ಎಂದಳು. ಸುತ್ತಲಿನವರು ಒಬ್ಬರನ್ನೊಬ್ಬರು ಸುಮ್ಮನಿರಿಸಿದರು. ಗಾರ್ಡ್ ಸೀಟಿ ಊದಿದ. ಅವಳು ಅವಸರ ಮಾಡಲಿಲ್ಲ. ಒಂದು ಕಡೆ ನಿಂತಳು, ಹಿಂದಕ್ಕೆ ಬಂದಳು, ಮತ್ತೆ ಸವರಿದಳು. ‘ಶಹಾಬಾದ ನೀರು ರಾವೂರ ನೀರಿಗಿಂತ ಸಿಹಿ’ ಎಂದು ಮುಗಿಸಿದಳು. ಮುಗಿಸಿದವಳೇ ಕಿಟಕಿಯ ಕಡೆ ಮುಖ ತಿರುಗಿಸಿ, ‘ಸುಳ್ಳ್ ಬರ್ದೀರಿ ಮಾಸ್ತರ. ನಮ್ಮ ಬಾವಿ ನೀರೇ ಸಿಹಿ ಅದ’ ಎಂದಳು.

ಗಾಡಿ ಅಲುಗಿತು. ಮಜೀದಸಾಬರು ಕಿಟಕಿಯೊಳಗಿಂದ ತಲೆ ಹೊರಗೆ ಹಾಕಿ, ‘ಬಸವಂತರಾಯರ, ಬರ್ಕೊಳ್ರಿ. ಜಗಳಾ ತೆಗೀಲಾಕತ್ತಾಳ ಅಂದ್ರ ಓದ್ಯಾಳ ಅಂತಲೇ’ ಎಂದು ಕೂಗಿದರು. ಉಳಿದದ್ದು ಇಂಜಿನ್ನಿನ ಸದ್ದಿಗೆ ಕೇಳಲಿಲ್ಲ. ಅವರು ಕೈ ಬೀಸುತ್ತಿದ್ದರು, ನಾವಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ. ನಾನೂ ಆ ಕಡೆಗೆ ಓಡಿ ಹೋಗಿ ನಿಂತು ಕೈ ಬೀಸಿದೆ.

ಗುರುಲಿಂಗಯ್ಯ ಏಕತಾರಿಯನ್ನು ಹೆಗಲಿಗೇರಿಸಿ, ‘ಒಂದು ಒಳ್ಳೆ ದನಿ ಕಳ್ಕೊಂಡೆ ಬಿಡು’ ಎಂದು ಸೂಗಮ್ಮನ ತಲೆ ಸವರಿ ಮುಂದಿನ ಗಾಡಿ ಹತ್ತಿದ. ಊರು ಹತ್ತಿರ ಬಂದಾಗ ಮಹಾದೇವಮ್ಮ ಬಾವಿಯ ಹತ್ತಿರ ಗಾಡಿ ನಿಲ್ಲಿಸಿ, ಮೊಮ್ಮಗಳಿಗೆ ನೀರು ಸೇದಿ ಕುಡಿಸಿದಳು.

ರೇವಣ


ರಾವೂರ
೧೮ ಅಕ್ಟೋಬರ್ ೧೯೫೩

ಶೌಕತ,

ನೀನು ಕಳಿಸುತ್ತಿರುವ ಕಟ್ಟುಗಳು ಒಂದೂ ತಪ್ಪದೆ ಮುಟ್ಟಿವೆ. ಸೂಗಮ್ಮ ಈಗ ಕಿಟಕಿಯ ಒಳಗೆ ಕೂರುತ್ತಾಳೆ. ಹುಡುಗರು ಹರಳು ಎಸೆಯುವುದನ್ನು ಬಿಟ್ಟು ಚುಕ್ಕೆಯ ಅಕ್ಷರದಲ್ಲಿ ಒಬ್ಬರಿಗೊಬ್ಬರು ಬೈಗುಳ ಒತ್ತಿ ಕೊಟ್ಟು ಅವಳಿಂದ ಓದಿಸುತ್ತಾರೆ. ಅವಳು ಓದುತ್ತಾಳೆ, ಯಾರು ಬರೆದದ್ದೆಂದೂ ಹೇಳುತ್ತಾಳೆ.

ಪಠ್ಯಪುಸ್ತಕದ ಪಾಠವನ್ನೆಲ್ಲ ಕಲ್ಲಿಗೆ ಇಳಿಸಬೇಕು. ಅದಕ್ಕೆ ನಾನು ಆ ಪುಸ್ತಕವನ್ನು ಸರಿಯಾಗಿ ತಿಳಿಯಬೇಕು ಎಂದು ಮಾಸ್ತರರು ಷರತ್ತು ಹಾಕಿದ್ದಾರೆ. ಹೀಗಾಗಿ ವಾರದಲ್ಲಿ ಎರಡು ಬೆಳಿಗ್ಗೆ ನಾನು ಒಂದನೆಯ ತರಗತಿಯಲ್ಲಿ, ಸೂಗಮ್ಮನ ಪಕ್ಕದಲ್ಲಿ, ಮೊಳಕಾಲು ಮಡಚಿ ಕೂರುತ್ತೇನೆ. ಕೂತಲ್ಲಿ ಕೂರಲು ನನ್ನಿಂದ ಆಗುತ್ತಿದೆ. ನಗು, ಪರವಾಗಿಲ್ಲ.

ಸುದ್ದಿ ಹರಡಿದೆ. ಸೇಡಂ ಕಡೆಯಿಂದ ಒಬ್ಬ ತಂದೆ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಚಿಂಚೋಳಿಯಿಂದ ಫಕೀರಸಾಬ ಎಂಬ ನೇಕಾರ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಹಾಳೆ ಬೇಕೆಂದು ಹೇಳಿ ಕಳಿಸಿದ್ದಾನೆ. ಅವರ ಮನೆಮಾತು ಉರ್ದು. ಉರ್ದುವಿನ ಚುಕ್ಕೆಗಳನ್ನು ಮಜೀದಸಾಬರನ್ನು ಕೇಳಿ ಬರೆದು ಕಳಿಸು. ಈ ಸಲ ಬರೆಯುವುದನ್ನೂ ನೋಡು, ಓದುವುದನ್ನೂ ನೋಡು. ಉರ್ದುವಿನ ಆ ಕಲ್ಲನ್ನು ಮಾತ್ರ ಒಬ್ಬನೇ ಕೆತ್ತಲು ನನಗೆ ಮನಸ್ಸಾಗುತ್ತಿಲ್ಲ. ಪಾಲಿಶ್ ಮಾಡಿ ಖಾಲಿ ಇಟ್ಟಿದ್ದೇನೆ.

ಚಿತ್ತಾಪುರದಲ್ಲಿ ನಿನ್ನ ಬಗ್ಗೆ ಕೇಳುವವರು ಇದ್ದಾರೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಕೆಲವರು ಕೇಳುವುದಿಲ್ಲ, ಅದೂ ಖರೆ.

ಮಜೀದಸಾಬರು ಸೂಗಮ್ಮನಿಗೆ ತಮ್ಮ ಹಳೆಯ ಚೌಕಟ್ಟನ್ನು ಕಳಿಸಿದ್ದಾರೆ. ಅವಳು ನಿನಗೆ ತಾನೇ ಬರೆಯುತ್ತಾಳಂತೆ. ನಾನು ತಿದ್ದಬಾರದಂತೆ.

ರೇವಣ


ರಾವೂರ
೮ ನವೆಂಬರ್ ೧೯೫೩

ಶೌಕತ ಚಾಚಾ,

ನಾನು ಸೂಗಮ್ಮ. ಇದನ್ನು ಮಜೀದಸಾಬ ಮಾಸ್ತರರು ನಿಮಗೆ ಓದಿ ಹೇಳುತ್ತಾರೆ. ನಾನೇ ಚುಚ್ಚಿದ್ದೇನೆ. ತಪ್ಪಿದ್ದರೆ ನನ್ನವು.

ನಾನು ಒಂದನೆಯ ಪುಸ್ತಕ ಮುಗಿಸಿದೆ. ಮಾಮಾನಿಗೆ ಇನ್ನೂ ಎರಡು ಪಾಠ ಉಳಿದಿವೆ.

ನಿಮ್ಮ ಕಾಗದದ ಒಂದು ಕಡೆ ಮಸಿಯ ವಾಸನೆ ಬರುತ್ತದೆ. ನಿಮ್ಮ ಮೈಯೂ ಹೀಗೇ ವಾಸನೆ ಬರುತ್ತದೇನು ಎಂದು ಮಾಮಾನಿಗೆ ಕೇಳಿದೆ. ಅವನು ಹೊರಗೆ ಹೋಗಿ ಆ ಖಾಲಿ ಕಲ್ಲನ್ನು ಮತ್ತೆ ಪಾಲಿಶ್ ಮಾಡಿದ. ಅದು ಈಗ ಭಾಳ ನುಣುಪಾಗಿದೆ, ಇನ್ನೂ ತಿಕ್ಕಿದರೆ ಸವೆದು ಹೋಗುತ್ತದೆ.

ನಿಮ್ಮ ಅಮ್ಮೀಗೆ ನಮ್ಮ ಅವ್ವ ರೊಟ್ಟಿ ತೆಳ್ಳಗೆ ಬಡಿಯಲು ಕಲಿತಿದ್ದಾಳೆ ಎಂದು ಹೇಳಿರಿ.

ಕಾಗದ ತೀರಿದೆ. ಟಪಾಲಿನಲ್ಲಿ ಕಳಿಸಬೇಡಿರಿ. ತಗೊಂಡು ಬರ್ರಿ.

ಸೂಗಮ್ಮ
ಒಂದನೆಯ ತರಗತಿ, ಒಳಗಡೆ